ಬೀದಿಯಮ್ಮನ ಕಲ್ಲು

ಕೋಲಾರ
12-8-1984, ಭಾನುವಾರ

ಅಕ್ಕ ವೆಂಕಟರತ್ನಮ್ಮನಿಗೆ ತಮ್ಮ ಕೋದಂಡರಾಮಪ್ಪನ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಬೈಕೋ ಅಕ್ಕ, ಬೈಸಿಕೊಳ್ಳೋದಕ್ಕೆ ತಯಾರಾಗೇ ಬರೀತಿದ್ದೀನಿ. ಭಾವ ಕಳಿಸಿದ ನೀಲಂ ಮಾವಿನಹಣ್ಣನ್ನ ಮಕ್ಕಳು ಓಟೆ ಚೀಪಿ ಚೀಪಿ ಮುಗಿಸಿದರು. ನಾನೇ ಯಾಕೋ ಮುಟ್ಟಲಿಲ್ಲ.

ಕಾಲೇಜಿನಲ್ಲಿ ಚರಿತ್ರೆ ಪಾಠ, ಭಾನುವಾರ ಬೆಳಿಗ್ಗೆ ಜನರನ್ನ ಕರ್ಕೊಂಡು ಊರು ತೋರಿಸೋ ನಡಿಗೆ, ಇಷ್ಟೇ ನನ್ನ ಬದುಕು. ಮೊದಮೊದಲು 'ಈ ಮೇಷ್ಟ್ರಿಗೆ ಬೇರೆ ಕೆಲಸ ಇಲ್ವಾ' ಅಂತ ನಗ್ತಿದ್ದರು. ಈಗ ಗಡಿಯಾರದ ಗೋಪುರದ ಹತ್ತಿರ ನನಗಿಂತ ಮೊದಲೇ ಬಂದು ನಿಂತಿರ್ತಾರೆ. ಸೋಮೇಶ್ವರನ ಗುಡಿ, ಕೋಟೆ ಅಂತ ಕಥೆ ಹೇಳ್ತಾ ಹೊರಟರೆ ಹಸಿವೂ ಗೊತ್ತಾಗಲ್ಲ. ಬೆಂಗಳೂರಿನ ಪೇಪರಿನವರು ಬಂದು ಫೋಟೋ ಬೇರೆ ತೆಗೆದರು. ಇರಲಿ ಬಿಡು, ನೀನು ಕೇಳಿದ್ದು ಇದನ್ನಲ್ಲ.

ಆಷಾಢಕ್ಕೆ ಅಂತ ತವರಿಗೆ ಬಂದ ನಿನ್ನ ಮಗಳು ಆಂಜಿನಮ್ಮನ್ನ ಶ್ರಾವಣ ಹುಟ್ಟಿದರೂ ಗಂಡನ ಮನೆಯವರು ಕರೀಲಿಲ್ಲ, 'ಈ ಹುಡುಗಿ ಏನು ತಪ್ಪು ಮಾಡಿ ಬಂದಿದ್ದಾಳೋ, ಎಷ್ಟು ಬೈದರೂ ಬಾಯಿ ಬಿಡಲ್ಲ, ಹೋಗಿ ವಿಚಾರಿಸು' ಅಂತ ನೀನು ಬರೆದಿದ್ದೆ. ಇದೇ ಊರಲ್ಲಿದ್ದೂ, ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ದಿನ ಕೊನೆಗೂ ಅವರ ಮನೆಗೆ ಹೋದೆ. ಹೊಸ ಸೊಸೆ ಕಳಸ ಇಡಬೇಕಾದ ಮನೆಯಲ್ಲಿ ಬಾಗಿಲಿಗೆ ತೋರಣವೂ ಇರಲಿಲ್ಲ.

ಆ ಬೀದಿ ಮೂಲೆಯ ಅರಿಶಿನ ಬಳಿದ ಕಲ್ಲು ನೆನಪಿದೆಯಾ? ಬಳೆ ತೊಟ್ಟ ಕೈ ಎತ್ತಿದ ಹಾಗೆ ಕೆತ್ತಿದ್ದು. ಬೀದಿಯಮ್ಮ ಅಂತ ಮದುಮಗಳು ಮೊದಲು ಅಲ್ಲಿ ಬಳೆ ಇಟ್ಟು ಕೈಮುಗಿದೇ ಮನೆಯೊಳಗೆ ಹೋಗೋದು. ನಮ್ಮ ಹುಡುಗಿ ಕೈಮುಗಿದಾಗ ತಟ್ಟೆ ಹಿಡಿದಿದ್ದು ನೀನೇ.

ಅವಳ ಅತ್ತೆ ದೊಡ್ಡಗಂಗಮ್ಮ ಸೆರಗು ಕಣ್ಣಿಗೊತ್ತಿಕೊಂಡು ಹೇಳಿದರು: "ಅದು ಅಮ್ಮ ಅಲ್ಲವಂತೆ, ಗಂಡನ ಚಿತೆ ಹತ್ತಿದವಳ ಮಾಸ್ತಿಕಲ್ಲಂತೆ. ಯಾರೋ ಓದಿದವರು ಹೇಳಿದರು. ಸತ್ತವಳಿಗೆ ಕೈಮುಗಿದು ನಿಮ್ಮ ಹುಡುಗಿ ಒಳಗೆ ಬಂದ್ಲು, ನನ್ನ ಮಗನಿಗೆ ಕಾಮಾಲೆ ಬಂತು. ಸಾಕು ಸ್ವಾಮಿ, ಅವಳು ತವರಲ್ಲೇ ಇರಲಿ."

"ನೀವೂ ಮದುವೆಯಾಗಿ ಬಂದಾಗ ಅದಕ್ಕೇ ಕೈಮುಗಿದವರಲ್ವಾ?" ಅಂದೆ.

"ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಅದು ಅಮ್ಮನೇ ಆಗಿತ್ತು" ಅಂದರು.

ಕಲ್ಲನ್ನ ಕಿತ್ತು ಮುಖ ಅಡಿ ಮಾಡಿ ಚರಂಡಿ ಮೇಲೆ ಹಾಕಿದ್ದಾರೆ. ಜನ ತುಳಿದುಕೊಂಡು ಓಡಾಡ್ತಿದ್ದಾರೆ. ಅಳಿಯ ಕದಿರೇಶ ಮಂಚದ ಮೇಲಿದ್ದ, ಕಣ್ಣು ಇನ್ನೂ ಹಳದಿ. ಅವನ ತಾಯಿ ಒಳಗೆ ಹೋದ ಮೇಲೆ, ನಾನು ಚಪ್ಪಲಿ ಮೆಟ್ಟುವಾಗ 'ಅವಳು ಊಟ ಸರಿಯಾಗಿ ಮಾಡ್ತಾಳಾ?' ಅಂತ ಮೆಲ್ಲಗೆ ಕೇಳಿದ. ಅಷ್ಟನ್ನ ಅವಳಿಗೆ ಹೇಳು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಆಂಜಿನಮ್ಮ, ಕದಿರೇಶ ನೂರು ಕಾಲ ತಣ್ಣಗಿರಲಿ.

ನಿನ್ನ ತಮ್ಮ
ಕೋದಂಡರಾಮಪ್ಪ

ತಾ.ಕ.: ಕಾಗದ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ದೊಡ್ಡಗಂಗಮ್ಮ 'ಯಾರೋ ಓದಿದವರು' ಅನ್ನಲಿಲ್ಲ ಅಕ್ಕ. 'ನೀವೇ ಹೇಳಿದ್ರಲ್ಲ ಮೇಷ್ಟ್ರೇ' ಅಂದರು. ಆಷಾಢಕ್ಕೆ ಮುಂಚೆ ಒಂದು ಭಾನುವಾರ ಆ ಕಲ್ಲಿನ ಮುಂದೆ ನಿಂತು ಆ ಹೆಂಗಸು ಚಿತೆ ಹತ್ತಿದ್ದನ್ನ ರಸವತ್ತಾಗಿ ಹೇಳಿದೆ, ಜನ ಚಪ್ಪಾಳೆ ತಟ್ಟಿದರು. ಸಾಯಂಕಾಲ ಆಂಜಿನಮ್ಮ ಓಡಿ ಬಂದಳು. "ಮಾವ, ನಮ್ಮತ್ತೆ ಹೆದರಿಬಿಟ್ಟಿದ್ದಾರೆ. ಅದು ಅಮ್ಮನೇ, ನಾನು ತಪ್ಪು ಹೇಳಿದೆ ಅಂತ ಬಂದು ಒಂದು ಮಾತು ಹೇಳಿಬಿಡಿ" ಅಂತ ಬೇಡಿಕೊಂಡಳು. "ಚರಿತ್ರೆ ಓದಿದವನು ಸುಳ್ಳು ಹೇಳಕ್ಕಾಗಲ್ಲ ಕಣೇ" ಅಂತ ಕಳಿಸಿಬಿಟ್ಟೆ. ನಿನ್ನ ಹತ್ತಿರ ಇಷ್ಟು ಬೈಸಿಕೊಂಡರೂ ಅವಳು ನನ್ನ ಹೆಸರು ಎತ್ತಿಲ್ಲ. ಅವಳಿಗೋಸ್ಕರ ಒಂದು ಸುಳ್ಳು ಹೇಳದವನು, ನನಗೋಸ್ಕರ ಈ ಕಾಗದದಲ್ಲೇ ನಿನಗೆ ಸುಳ್ಳು ಬರೆದೆ. ಅವಳನ್ನ ಬೈಬೇಡ ಅಕ್ಕ.