ಕಾಯುವ ಕೋಣೆಯಲ್ಲಿ ತಂಗಿ

ಮಾರ್ಚ್ 3, ಸೋಮವಾರ

ಈ ಪ್ರಯೋಗಕ್ಕೆ ಇದುವರೆಗೆ ಆದ ಖರ್ಚು: ನಿವೃತ್ತಿಗೆ ಮುಂಚಿನ ನನ್ನ ಮೂರು ವರ್ಷ. ಸೈಕಾಲಜಿ ವಿಭಾಗದಲ್ಲಿ ಬಿಸಿಲು ಬೀಳುವ ಒಂದೇ ಒಂದು ಕೋಣೆ. ನನ್ನ ಸೊಂಟ. ಇವತ್ತಿನಿಂದ ತಂಗಿಯನ್ನೂ ಸೇರಿಸಬೇಕು. ಫೋನ್ ಎತ್ತುತ್ತಿಲ್ಲ.

ಪ್ರಯೋಗ ಸರಳ. ಏನೋ ಓದುವ ಪರೀಕ್ಷೆ ಅಂತ ಜನರನ್ನು ಕರೆಸಿ ಕಾಯುವ ಕೋಣೆಯಲ್ಲಿ ಕೂರಿಸುತ್ತೇವೆ. ಅಲ್ಲಿ ಒಬ್ಬಳು ಅಳುತ್ತಿರುತ್ತಾಳೆ — ಬಾಡಿಗೆ ನಟಿ. ಬಂದವರು ಅವಳನ್ನು ಮಾತಾಡಿಸುತ್ತಾರಾ, ಮೊಬೈಲ್ ನೋಡುತ್ತಾರಾ? ಕ್ಯಾಮೆರಾ ಹೇಳುತ್ತದೆ. ಬಹುಪಾಲು ಮೊಬೈಲ್. ಅಪರಿಚಿತರ ಅಳು ಈಗ ಯಾರಿಗೂ ತಟ್ಟುವುದಿಲ್ಲ ಅನ್ನುವುದು ನನ್ನ ವಾದ. ಜೂನ್ ಸಮ್ಮೇಳನದಲ್ಲಿ ಅದೇ ಮುಖ್ಯ ಭಾಷಣ.

ಇವತ್ತು ನಟಿಗೆ ಜ್ವರ. ಬದಲಿಯವಳನ್ನು ಕಳಿಸುತ್ತೇನೆ ಅಂದಿದ್ದಳು. ಅಷ್ಟರಲ್ಲಿ ತಂಗಿ ಬಂದಳು — ನಾನು ಕೆಲಸ ಮಾಡುವ ಕಡೆಗೆ ಇದೇ ಮೊದಲು. ನಾನು ಮೀಟಿಂಗಿನಲ್ಲಿ. ನನ್ನ ಸಹಾಯಕನಿಗೆ ಎಲ್ಲರೂ ಸ್ಕೇಲ್ ಅನ್ನುವುದು, ಕಂಡದ್ದನ್ನೆಲ್ಲ ಅಳೆಯುತ್ತಾನೆ. ಕೆಂಪು ಕಣ್ಣಿನ ಹೆಂಗಸನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತಂತೆ. ಮೂಲೆಯ ಕುರ್ಚಿ ತೋರಿಸಿ, "ನೀವು ಶುರು ಮಾಡಿ ಮೇಡಂ, ನಾನು ಜನ ಕಳಿಸ್ತೀನಿ" ಅಂದನಂತೆ.

ಅವಳು ಆಗಲೇ ಶುರು ಮಾಡಿದ್ದಳು.

ಎಲ್ಲ ಮುಗಿದ ಮೇಲೆ ಸಂಭಾವನೆಯ ಕವರ್ ಬೇರೆ ಕೈಗಿಟ್ಟ. ಅವಳಿಗೆ ವಿಷಯ ತಿಳಿದದ್ದೇ ಆಗ. ನಿಜವಾದ ಬದಲಿ ನಟಿ ದಾರಿ ತಪ್ಪಿ ಕೆಮಿಸ್ಟ್ರಿ ವಿಭಾಗದಲ್ಲಿ ಕೂತಿದ್ದಳು.

ಮಾರ್ಚ್ 4

ವಿಡಿಯೋ ನೋಡಿದೆ. ತಂಗಿಯ ಬೆನ್ನು ನಡುಗುತ್ತಿದೆ. ಚಿಕ್ಕವಳಿದ್ದಾಗಲೂ ನನ್ನ ಮುಂದೆ ಅತ್ತವಳಲ್ಲ. ಅತ್ತರೆ ನಾನು ಕಾರಣ ಕೇಳುತ್ತೇನೆ. ಹೇಳಿದರೆ ವಿಂಗಡಿಸುತ್ತೇನೆ... ಬಾಗಿಲು ತೆರೆಯಿತು. ಒಬ್ಬ ಹೆಂಗಸು, ಯಾವುದೋ ಹಲ್ಲಿನ ಡಾಕ್ಟರ ರಿಸೆಪ್ಷನಿಸ್ಟ್. ಕೈಚೀಲ ನೆಲಕ್ಕೆ ಬಿಟ್ಟು ಸೀದಾ ತಂಗಿಯ ಪಕ್ಕ ಕೂತಳು. ಆಮೇಲೆ ಬಂದವರೂ ಹಾಗೇ. ಒಬ್ಬ ನೀರು ತಂದ. ಮೊಬೈಲ್ ಯಾರೂ ಮುಟ್ಟಲಿಲ್ಲ.

ಕೆಳಗೆ ಸ್ಕೇಲ್‌ನ ಷರಾ: "ಬದಲಿ ನಟಿ ಸ್ವಲ್ಪ ಓವರ್‌ಆಕ್ಟಿಂಗ್. ಮುಂದೆ ಬೇಡ."

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಮೂರು ವರ್ಷ ನಾನು ಅಳೆದದ್ದು ಜನರ ಕರುಣೆಯನ್ನಲ್ಲ, ನಟಿಯ ನಟನೆಯನ್ನು.

ಮಾರ್ಚ್ 6, ಸಂಜೆ

ತಂಗಿಯ ಮನೆಗೆ ಹೋದೆ. ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಎಷ್ಟು ಮಾರ್ಕ್ಸ್ ಬಂತು ಅಂತ ಹೇಳೋಕೆ ಬಂದ್ಯಾ ಅಕ್ಕಾ?"

ಆಮೇಲೆ ಅಂಗಿಯ ಕಾಲರಿಗೇ ಹೇಳುವ ಹಾಗೆ ಹೇಳಿದಳು. ಗಂಡನನ್ನು ಬಿಟ್ಟು ಹೊರಡುವುದು ತೀರ್ಮಾನವಾಗಿದೆ. ಅವತ್ತು ನನ್ನ ಮನೆಯ ಹಿಂದಿನ ರೂಮು ಕೇಳೋಣ ಅಂತ ಬಂದಿದ್ದಳು. ಯಾಕೆ ಅನ್ನುವುದು ನನ್ನ ನಾಲಿಗೆ ತುದಿಗೆ ಬಂತು. ನುಂಗಿದೆ. ರೂಮು ಖಾಲಿ ಇದೆ ಅಂದೆ.

"ಕ್ಯಾಮೆರಾ?"

"ಇಲ್ಲ ಕಣೇ."

"ಮೊದಲು ಆ ವಿಡಿಯೋ ಅಳಿಸು. ಆಮೇಲೆ ನೋಡೋಣ."

ಮಾರ್ಚ್ 7

ವಿಡಿಯೋ ಅಳಿಸಬೇಡಿ ಅಂತ ಸ್ಕೇಲ್ ಅಂಗಲಾಚಿದ. ಹಳೆ ಪ್ರಬಂಧ ಹೋದರೆ ಹೋಗಲಿ, ಇದರಲ್ಲಿ ಅದಕ್ಕಿಂತ ದೊಡ್ಡದು ಸಿಕ್ಕಿದೆಯಂತೆ. ಅವನು ಹೇಳಿದ್ದು ನಿಜ. ಇಡೀ ರಾತ್ರಿ ನನ್ನ ತಲೆಯಲ್ಲೂ ಅದೇ ಪ್ರಬಂಧ ತನ್ನಷ್ಟಕ್ಕೆ ಬರೆದುಕೊಳ್ಳುತ್ತಿತ್ತು. ಶೀರ್ಷಿಕೆ ಕೂಡ ಸಿಕ್ಕಿತ್ತು.

"ಸಾಕ್ಷಿ ಇಲ್ದೆ ಯಾರು ನಂಬ್ತಾರೆ ಮೇಡಂ?"

ಯಾರೂ ನಂಬುವುದಿಲ್ಲ ಅಂದೆ. ಅಳಿಸಿದೆ. ಬ್ಯಾಕಪ್ಪನ್ನೂ — ಅವನು ಬಚ್ಚಿಟ್ಟದ್ದನ್ನೂ. ಸಮ್ಮೇಳನದವರಿಗೆ ಬರೆದೆ: ಪ್ರಯೋಗದ ವಿಧಾನವೇ ತಪ್ಪು, ಭಾಷಣ ವಾಪಸ್.

ತಂಗಿಗೆ ಮೆಸೇಜ್ ಹಾಕಿದೆ. ಓದಿದ್ದಾಳೆ.

ಮಾರ್ಚ್ 29

ಬೆಲ್ ಆಯಿತು. ತಂಗಿ. ಎರಡು ಸೂಟ್‌ಕೇಸ್, ಒಂದು ದಿಂಬು. ರೂಮಿನ ಸೀಲಿಂಗ್ ಮೂಲೆಮೂಲೆ ನೋಡಿದಳು. ಜೇಡರ ಬಲೆ ಇದೆ ಅಂದಳು. ಪೊರಕೆ ಕೊಟ್ಟೆ.

ಏಪ್ರಿಲ್ 12, ಶನಿವಾರ

ಯಾರಿಗೆ ಏನು ದಕ್ಕಿತು —

ಸಮ್ಮೇಳನಕ್ಕೆ ಬೇರೆ ಭಾಷಣಕಾರ, ನನಗಿಂತ ಎತ್ತರದವನು. ನಟಿಗೆ ಜಾಹೀರಾತಿನ ಕೆಲಸ, ಅಲ್ಲಿ ನಗಬೇಕಂತೆ. ಸ್ಕೇಲ್‌ಗೆ ಇಲಿಗಳ ಲ್ಯಾಬು. ಇಲಿ ನಟಿಸುವುದಿಲ್ಲ ಮೇಡಂ ಅಂತ ನೆಮ್ಮದಿಯಿಂದಿದ್ದಾನೆ. ರಿಸೆಪ್ಷನಿಸ್ಟ್‌ಗೆ ಭಾನುವಾರದ ವಾಕಿಂಗಿಗೆ ಜೊತೆ, ನಮ್ಮ ತಂಗಿ. ತಂಗಿಗೆ ರೂಮು, ಒಳಗಿನಿಂದ ಹಾಕಿಕೊಳ್ಳುವ ಚಿಲಕ.

ನನಗೆ — ನಿನ್ನೆ ಊಟದ ನಡುವೆ ತಂಗಿ ಅತ್ತಳು. ತಟ್ಟೆಯ ಮುಂದೆ, ನನ್ನ ಎದುರಿಗೇ. ನಾನು ಏನೂ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಹೋದೆ. ಅವಳು ಸರಿದು ಜಾಗ ಮಾಡಿದಳು.