ಒತ್ತದ ಗುಂಡಿ

ಭಾನುವಾರ, ಹದಿನೇಳು.

ಗೆದ್ದೆ. ಮೈಯೆಲ್ಲ ಸೋತುಹೋಗಿದೆ, ಆದರೂ ನಿದ್ದೆ ಹತ್ತುತ್ತಿಲ್ಲ.

ಚದುರಂಗದ ಪಂದ್ಯದಲ್ಲಿ ನಮ್ಮ ಅಂಚೆ ಕಚೇರಿ ತಂಡವೂ ಆಸ್ಪತ್ರೆಯ ತಂಡವೂ ಸಮಸಮ. ಉಳಿದಿದ್ದು ಆಸ್ಪತ್ರೆಯ ನರ್ಸಕ್ಕನ ಜೊತೆ ನನ್ನ ಆಟ ಮಾತ್ರ. ಅವರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಅಷ್ಟಾದರೂ ಆಟ ಅವರ ಕಡೆಗೇ ವಾಲಿತ್ತು. ಆನೆ ನಡೆಸಿದರು, ತಮ್ಮ ಸಮಯ ನಿಲ್ಲಿಸಿ ನನ್ನದನ್ನು ಓಡಿಸುವ ಗಡಿಯಾರದ ಗುಂಡಿ ಒತ್ತುವುದನ್ನು ಮರೆತರು. ಗಲ್ಲಕ್ಕೆ ಕೈಕೊಟ್ಟು, ಕಣ್ಣು ಅರೆಮುಚ್ಚಿ ನನ್ನ ನಡೆಗೆ ಕಾಯುತ್ತ ಕೂತರು. ಓಡುತ್ತಿದ್ದದ್ದು ಅವರದೇ ಸಮಯ. ಎದುರಾಳಿಗೆ ನೆನಪಿಸಬೇಕೆಂಬ ನಿಯಮವೇನೂ ಇಲ್ಲ. ಯೋಚಿಸುವವಳಂತೆ ಹಣೆ ಉಜ್ಜಿಕೊಳ್ಳುತ್ತ ಒಂಬತ್ತು ನಿಮಿಷ ಕೂತೆ. ಅವರ ಸಮಯ ಮುಗಿಯಿತು.

"ತಾಳ್ಮೆ ಅಂದ್ರೆ ನಿಂದಮ್ಮಾ!" ಎಂದರು ನಮ್ಮ ಪೋಸ್ಟ್‌ಮಾಸ್ಟರ್.

ನರ್ಸಕ್ಕ ನನ್ನ ಕೈ ಕುಲುಕಿದರು. "ಗುಂಡಿ ಒತ್ತೋದೇ ಮರೆತೆ ನೋಡು, ತಲೆ ಎಲ್ಲಿಟ್ಟಿದ್ನೋ! ನೀನೂ ನೋಡ್ಲಿಲ್ವಾ?"

"ಇಲ್ಲಕ್ಕಾ, ನಾನೂ ಆಟದಲ್ಲೇ ಮುಳುಗಿಬಿಟ್ಟಿದ್ದೆ."

"ಪಾಪ, ನಿಂಗೂ ಸುಸ್ತಾಗಿದೆ," ಎಂದು ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾವನ್ನೆಲ್ಲ ನನಗೇ ಬಗ್ಗಿಸಿಕೊಟ್ಟರು. ಬೇಡ ಎನ್ನಲು ಮುಖವಿರಲಿಲ್ಲ. ಕುಡಿದೆ. ಸಕ್ಕರೆ ಸರಿಯಾಗಿಯೇ ಇತ್ತು. ಆಗಿನಿಂದ ಎರಡು ಸಲ ಬಾಯಿ ಮುಕ್ಕಳಿಸಿದ್ದೇನೆ, ಆದರೂ ಆ ಚಹಾದ ರುಚಿ ಹೋಗುತ್ತಿಲ್ಲ.