ಹೊರವ್ವನ ಗೋಡೆ

ಹೊಸ ಮುದಗಲ್ಲು, ಹಿಮಕಣಿವೆಯ ಆಚೆಯ ಬಯಲು
ಗಾರೆ ಮಾಸದ ಕೊನೆಯ ದಿನ, ಕ್ರಿ.ಶ. ೨೩೧೪

ಕೆಳನಾಡಿನ ಹಿರಿಯರಿಗೆ ಹಂಪಮ್ಮ ಮಾಡುವ ನಮಸ್ಕಾರಗಳು.

ಈ ತಿಂಗಳನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಹಿಮ ಕರಗಿದ ಮೇಲೆ, ಮತ್ತೆ ಹಿಮ ಬೀಳುವ ಮೊದಲು, ರಾತ್ರಿಯೂ ನೀರು ಗಡ್ಡೆ ಕಟ್ಟದ ಒಂದಷ್ಟು ದಿನಗಳು ನಮಗೆ ಸಿಗುತ್ತವೆ. ಅವನ್ನು ಬೇರೆ ಯಾವ ತಿಂಗಳಿಗೂ ಸೇರಿಸದೆ ಗಾರೆ ಮಾಸ ಎಂದು ಕರೆದು ಎತ್ತಿಟ್ಟಿದ್ದೇವೆ. ಆಗ ಮದುವೆ ಇಲ್ಲ, ಶಾಲೆ ಇಲ್ಲ, ಪಂಚಾಯಿತಿ ಇಲ್ಲ. ಊರಿಗೆ ಊರೇ ಕರಣೆ ಹಿಡಿದು ಗೋಡೆಗೆ ನಿಂತಿರುತ್ತದೆ. ಆ ತಿಂಗಳು ಮುಗಿಯುವ ದಿನ ಒಂದು ಮನೆಯವರು, ಕೆಳಗೆ ಎಂದೋ ಬಾಳಿ ಹೋದ ನಿಮಗೆ ಕಾಗದ ಬರೆಯಬೇಕು. ಬರೆದದ್ದನ್ನು ಸುಣ್ಣದ ಗುಂಡಿಯ ಮುಂದೆ ಗಟ್ಟಿಯಾಗಿ ಓದಿ, ನೆನೆಸಿ, ಮುಂದಿನ ವರ್ಷದ ಗಾರೆಗೆ ಚಮರಿಯ ಕೂದಲಿನ ಜೊತೆ ನಾರಾಗಿ ಬೆರೆಸುತ್ತೇವೆ. ನಿಮಗೆ ತಲುಪುತ್ತದೋ ಇಲ್ಲವೋ ಯಾರು ಬಲ್ಲರು, ಗಾರೆಗಂತೂ ಬಿಗಿ ಬರುತ್ತದೆ. ಈ ವರ್ಷ ನಮ್ಮ ಮನೆಯ ಸರದಿ.

ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಇಣುಕಿದರೆ ಕ್ಷಮಿಸಬೇಕು. ನಿಮ್ಮ ಕೆಲವು ಪದಗಳೂ ನಮ್ಮನ್ನು ಹಾಗೆಯೇ ಪೇಚಿಗೆ ಸಿಕ್ಕಿಸುತ್ತವೆ. ಗಾರೆಗೆ ಬೆಲ್ಲದ ನೀರು ಹಾಕಬೇಕೆಂದು ನೀವು ಹೇಳಿ ಕಳಿಸಿದ್ದು ಇಂದಿಗೂ ನಮ್ಮ ಮಕ್ಕಳಿಗೆ ಬಾಯಿಪಾಠ, ಆದರೆ ಬೆಲ್ಲವನ್ನು ಕಂಡವರು ಊರಲ್ಲಿ ಒಬ್ಬರೂ ಇಲ್ಲ. ನಾವು ಜರ್ದಾಳು ಹಣ್ಣಿನ ರಸವನ್ನು ಕುದಿಸಿ ಹಾಕುತ್ತೇವೆ. ನೀವು ಬೆಲ್ಲವನ್ನು ಗೋಡೆಗೆ ಹಾಕುವುದು ಬಿಟ್ಟು ತಿಂದುಬಿಡುತ್ತಿದ್ದಿರಂತೆ. ಇರಲಿ, ನಿಮ್ಮದು ಸುಭಿಕ್ಷದ ಕಾಲ.

ನಮ್ಮದು ಗೋಡೆಯ ಕಾಲ. ಕೆಳಗೆ ಸೆಕೆ ತಾಳಲಾರದೆ ನಮ್ಮವರು ಕಣಿವೆ ಹತ್ತಿ ಬಂದಾಗ ಈ ಬಯಲಿನಲ್ಲಿ ಮಣ್ಣು, ಕಲ್ಲು, ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಮಣ್ಣಿನ ಇಟ್ಟಿಗೆಯಲ್ಲಿ ಮನೆ ಕಟ್ಟಿ ಮೇಲೆ ಗಾರೆ ಹೊದಿಸಿದರು. ಇಲ್ಲಿ ಬಿಸಿಲೂ ಚಳಿಯೂ ಒಂದೇ ಗೋಡೆಯ ಮೇಲೆ ಒಂದೇ ದಿನ ಸವಾರಿ ಮಾಡುತ್ತವೆ. ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ದೀಪ ಹಚ್ಚುವ ಹೊತ್ತಿಗೆ ಅದೇ ಗೋಡೆಯ ಬಿರುಕಿನಲ್ಲಿ ಇಳಿದ ನೀರು ಮಂಜುಗಡ್ಡೆಯಾಗಿ ಹಿಗ್ಗುತ್ತದೆ. ಕೂದಲೆಳೆಯಷ್ಟಿದ್ದ ಬಿರುಕಿಗೆ ವಾರದೊಳಗೆ ಬೆರಳು ತೂರಿಸಬಹುದು. ಹೊರಗಿನ ಗಾರೆ ಬಿತ್ತೆಂದರೆ ಕರಗಿದ ಹಿಮ ಮಣ್ಣಿಗಿಳಿಯುತ್ತದೆ, ಮುಂದಿನ ಚಳಿಗೆ ಮನೆ ಕುಸಿದು ಕೂರುತ್ತದೆ. ನಾನು ಚಿಕ್ಕವಳಿದ್ದಾಗ ಮೇಲಿನ ಬೀದಿಯಲ್ಲಿ ಹಾಗೆ ಒಂದು ಮನೆ ಕೂತಿತ್ತು. ಒಳಗಿದ್ದವರನ್ನು ಹೊರತೆಗೆದದ್ದು ಹಿಮ ಕರಗಿದ ಮೇಲೆ.

ಇಷ್ಟಾದರೂ ಈ ಕೆಲಸದಲ್ಲಿ ನನಗಿರುವ ಬೆರಗು ಕಡಿಮೆಯಾಗಿಲ್ಲ. ಊರ ಹೊರಗೆ ಸೂರ್ಯಗೂಡು ಇದೆ. ಸುತ್ತ ಕನ್ನಡಿ ನಿಲ್ಲಿಸಿ, ಬಿಸಿಲನ್ನೆಲ್ಲ ಒಂದು ಕಡೆ ಕೂಡಿಸಿ ಸುಣ್ಣದ ಕಲ್ಲು ಸುಡುವ ಜಾಗ. ಸುಟ್ಟ ಕಲ್ಲನ್ನು ಗುಂಡಿಗೆ ಹಾಕಿ ತಣ್ಣೀರು ಸುರಿದರೆ ಕಲ್ಲು ಕೊತಕೊತ ಕುದಿಯುತ್ತದೆ. ಸುತ್ತ ಹಿಮದ ಬೆಟ್ಟಗಳು, ನಡುವೆ ಬೆಂಕಿಯಿಲ್ಲದೆ ಕುದಿಯುವ ಕಲ್ಲು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಈಗಲೂ ಮೈ ಜುಮ್ಮೆನ್ನುತ್ತದೆ. ಇದನ್ನು ಮೊದಲು ಕಂಡುಹಿಡಿದವರು ನಿಮ್ಮ ಕಡೆಯವರೇ ಎಂದು ನೆನೆದಾಗಲೆಲ್ಲ ಕೈ ತಾನಾಗಿ ಮುಗಿಯುತ್ತದೆ.

ನಿಮಗೆ ವಿಚಿತ್ರ ಅನಿಸಬಹುದಾದ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ನಮ್ಮ ಮನೆಯ ಹೊರಗೋಡೆಗೆ ನಾವು ಕೈ ಹಚ್ಚುವಂತಿಲ್ಲ. ಮನೆಗಳು ಚಳಿಗೆ ಒಂದಕ್ಕೊಂದು ಅಂಟಿಕೊಂಡಿವೆ, ಬೀದಿಗೆ ತೆರೆದಿರುವುದು ಒಂದೇ ಗೋಡೆ. ಚಳಿಗಾಲವಿಡೀ ನಾವು ಒಳಗೆ ಕೂತಿರುವಾಗ ಆ ಗೋಡೆಯನ್ನು ದಿನಾ ಕಾಣುವವರು ಎದುರು ಮನೆಯವರು. ಎಲ್ಲಿ ಬಿರುಕು ಬಿಟ್ಟಿತು, ಎಲ್ಲಿ ಹಿಮ ಆತು ನಿಂತಿತು, ಅವರಿಗೇ ಗೊತ್ತು. ಆದ್ದರಿಂದ ಗಾರೆ ಮಾಡುವ ಹಕ್ಕೂ ಅವರದೇ. ಹಾಗೆ ನಮ್ಮ ಗೋಡೆಯನ್ನು ಕಾಯುವವಳು ನಮಗೆ ಹೊರವ್ವ, ಗಂಡಸಾದರೆ ಹೊರಪ್ಪ. ಒಳಗೆ ಹೆತ್ತವಳಿಗೆ ಎಷ್ಟು ಮರ್ಯಾದೆಯೋ ಹೊರವ್ವನಿಗೂ ಅಷ್ಟೇ. ನಮ್ಮ ಹೊರವ್ವ ಅಮರವ್ವ. ನಾನು ಈ ಮನೆಗೆ ಸೊಸೆಯಾಗಿ ಬರುವ ಎಷ್ಟೋ ಮೊದಲಿನಿಂದ ಈ ಪಡುವಣ ಗೋಡೆ ಆಕೆಯದು. ಆಕೆಯ ಮನೆಯ ಗೋಡೆ ನಮ್ಮತ್ತೆಯದಾಗಿತ್ತು, ಈಗ ನನ್ನದು. ಅಮರವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಅವ್ವ ಎಂದು ಆಕೆಯನ್ನು ಕರೆಯುವುದು ನಮ್ಮ ಮನೆ ಮಾತ್ರ.

ಈ ಬೇಸಿಗೆಯ ಮೊದಲಿಗೆ ನನಗೆ ಮಗಳು ಹುಟ್ಟಿದಳು. ಹೆಸರು ಲೀಲಾ. ತೊಟ್ಟಿಲನ್ನು ಪಡುವಣ ಗೋಡೆಗೆ ಒತ್ತಿ ಕಟ್ಟಿದೆವು, ಬಿಸಿಲು ಬೀಳುವುದರಿಂದ ಮನೆಯಲ್ಲಿ ಹೆಚ್ಚು ಬೆಚ್ಚಗಿರುವ ಜಾಗ ಅದು. ಗಾರೆ ಮಾಸದ ಮೊದಲಲ್ಲಿ ಅಮರವ್ವ ಬಂದು ಹಳೆಯ ಪದರ ಕೆರೆದು, ಹೊಸ ಗಾರೆ ಹೊಡೆದು ಹೋಗಿದ್ದಳು. ಎಂಥ ನುಣುಪು ಅಂದರೆ ಬೀದಿಯವರು ನಿಂತು ನೋಡಿದ್ದರು. ಕೆಲವು ದಿನ ಕಳೆದ ಮೇಲೆ ತೂಗುವಾಗ ತೊಟ್ಟಿಲು ಗೋಡೆಗೆ ತಾಕಿತು. ಬಂದ ಸದ್ದು ಪೊಳ್ಳು.

ಬೀದಿಯ ಗೋಡೆ ಒಂದೇ ಇಟ್ಟಿಗೆಯ ದಪ್ಪ, ಹೊರಗಿನ ಗಾರೆ ಬಿಟ್ಟಿದ್ದರೆ ಒಳಗೇ ಕೇಳುತ್ತದೆ. ಬೆರಳು ಮಡಿಸಿ ತಟ್ಟಿದೆ. ಕಿಟಕಿಯಿಂದ ನೆಲದವರೆಗೆ ಅದೇ ಸದ್ದು. ಹೊಸ ಗಾರೆ ಗೋಡೆಯನ್ನು ಹಿಡಿದಿಲ್ಲ, ಸುಮ್ಮನೆ ಅದರ ಮುಂದೆ ನಿಂತಿದೆ. ನನ್ನ ಗಂಡ ದೇವಿಂದ್ರನೂ ತಟ್ಟಿ ನೋಡಿ ಮುಖ ಸಣ್ಣ ಮಾಡಿದ. ತೊಟ್ಟಿಲನ್ನು ಒಲೆಯ ಕಡೆ ಸರಿಸಿ ಈ ಚಳಿಗಾಲ ಹೇಗೋ ನೂಕೋಣ, ಮುದುಕಿಗೆ ಹೇಳುವುದು ಬೇಡ ಎಂದ. ಗೋಡೆ ಬಿದ್ದರೆ ಒಲೆಯನ್ನು ಬಿಟ್ಟು ಬೀಳುತ್ತದೆಯೇ ಎಂದು ಕೇಳಿದೆ. ಅವನ ಕಷ್ಟ ನನಗೂ ಗೊತ್ತಿತ್ತು. ನಿನ್ನ ಗಾರೆ ಪೊಳ್ಳು ಎಂದು ಹೊರವ್ವನಿಗೆ ಹೇಳುವುದೆಂದರೆ, ನಿನ್ನ ಮೊಲೆಹಾಲು ಕೆಟ್ಟಿದೆ ಎಂದು ಹೆತ್ತವಳಿಗೆ ಹೇಳಿದ ಹಾಗೆ. ಹೇಳಿಸಿಕೊಂಡವಳು ಕರಣೆ ಕೆಳಗಿಡಬೇಕು. ಆಮೇಲೆ ಆಕೆಗೆ ಗೋಡೆಯೂ ಇಲ್ಲ, ಆ ಹೆಸರೂ ಇಲ್ಲ. ಹೇಳದಿದ್ದರೆ ನನ್ನ ಮಗಳು ಆ ಗೋಡೆಯ ಕೆಳಗೆ ಮಲಗಬೇಕು. ಕಣಿವೆಯ ಮೇಲೆ ಆಗಲೇ ಮೋಡ ಕಟ್ಟುತ್ತಿತ್ತು, ಗಾರೆ ಮಾಸ ಮುಗಿಯುವುದರಲ್ಲಿತ್ತು.

ಮರುದಿನ ಅಮರವ್ವನ ಮನೆಯ ಗೋಡೆಗೆ ಕೊನೆಯ ಪದರ ಹಚ್ಚಲು ಹೋದೆ. ಕೆಲಸ ಮಾಡುತ್ತ ಒಳಗಿದ್ದವರ ಜೊತೆ ಗೋಡೆಯ ಮೂಲಕ ಮಾತಾಡುವುದು ನಮ್ಮ ರೂಢಿ. ಆಕೆ ಒಳಗಿನಿಂದ ಲೀಲಾಳ ನಿದ್ದೆ, ನನ್ನ ಬಾಣಂತನ ಎಲ್ಲ ವಿಚಾರಿಸಿದಳು. ನಾನು ಹೂಂ ಎನ್ನುತ್ತ ಕರಣೆ ಎಳೆದೆ. ಯಾವಾಗಲೋ ಕೈ ನಿಂತುಬಿಟ್ಟಿತ್ತು.

“ಯಾಕಬೇ ಹಂಪಮ್ಮ, ಕೈ ನಿಂತತಿ?” ಎಂದಳು.

“ಹೊರವ್ವ, ನಮ್ಮ ಗೋಡಿ ಪೊಳ್ಳ ಸದ್ದು ಮಾಡಾಕತ್ತೈತಿ” ಎಂದೆ.

ಬಾಗಿಲು ತೆರೆಯಿತು. ಅಮರವ್ವ ಒಂದು ಕೈಯನ್ನು ಗೋಡೆಯ ಮೇಲೆ ಸವರುತ್ತ ಬಂದು ನನ್ನ ಎದುರು ನಿಂತಳು, ಆದರೆ ಆಕೆಯ ಕಣ್ಣು ನನ್ನ ಭುಜದಾಚೆ ಎಲ್ಲೋ ಇತ್ತು. ಆಗ ತಿಳಿಯಿತು. ಹಿಮದ ಮೇಲಿನ ಬಿಸಿಲು ಕಣ್ಣಿಗೆ ಬಡಿದು ಬಡಿದು ಪಾಪೆಗೆ ಪರೆ ಕಟ್ಟುವುದನ್ನು ನಾವು ಬಿಳಿಗಣ್ಣು ಎನ್ನುತ್ತೇವೆ. ಆಕೆಯ ಎರಡು ಕಣ್ಣಿಗೂ ಅದು ಬಂದು, ಹೋದ ವರ್ಷವೇ ಪೂರಾ ಕತ್ತಲಾಗಿತ್ತು. ಸದಾ ಗೋಡೆಗೆ ಮುಖ ಮಾಡಿ ನಿಲ್ಲುವವಳ ಕಣ್ಣನ್ನು ನಾವು ಯಾರೂ ನೋಡಿರಲಿಲ್ಲ.

“ಬಣ್ಣ ಕಾಣಲಿಲ್ಲವ್ವ” ಎಂದಳು. ಅಷ್ಟರಲ್ಲೇ ನನಗೆ ಎಲ್ಲ ಅರ್ಥವಾಯಿತು. ಗಾರೆ ಹೊಡೆಯುವ ಮೊದಲು ಕೆಳಗಿನ ಪದರವನ್ನು ನೀರಿನಲ್ಲಿ ತೋಯಿಸಬೇಕು. ತೊಯ್ದರೆ ಕಂದು, ಒಣಗಿದರೆ ಬಿಳುಪು. ಇಲ್ಲಿನ ಗಾಳಿಗೆ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಒಣಗುತ್ತದೆ, ಒಣಗಿದ ಜಾಗ ಹೊಸ ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಸಾಯಿಸುತ್ತದೆ. ಒದ್ದೆ ಕೈಗೆ ಒದ್ದೆ ಗೋಡೆಯೂ ಒಣ ಗೋಡೆಯೂ ಒಂದೇ. ಅದನ್ನು ಕಣ್ಣೇ ಹೇಳಬೇಕು.

ನನಗೆ ಮರುಕ ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಕೂಸು ಮಲಗುವ ಗೋಡೆ, ಒಂದು ಮಾತು ಹೇಳಬಾರದಿತ್ತೇ ಎಂದು ರೇಗಿದೆ. ಆಕೆ ತಲೆ ಬಗ್ಗಿಸಲಿಲ್ಲ.

“ಹೇಳಿದ್ದರ ನನ್ನ ಯಾರು ಹೊರವ್ವ ಅಂತಿದ್ದರು?” ಎಂದಳು.

ಅಮರವ್ವ ಬೀದಿ ದಾಟಿದಳು. ತಾನು ಕಾಯುವ ನಮ್ಮ ಗೋಡೆಗೆ ಕಿವಿ ಹಚ್ಚಿ ಮೇಲಿಂದ ಕೆಳಗೆ ತಟ್ಟುತ್ತ ಹೋದಳು. ಆಮೇಲೆ ಬೀದಿಯ ನಡುವೆ ಬಂದು ನಿಂತು, ಈ ಊರು ಹುಟ್ಟಿದಾಗಿನಿಂದ ಯಾವ ಹೊರವ್ವನೂ ಆಡದ ಮಾತನ್ನು ಕೂಗಿ ಹೇಳಿದಳು: “ನನ್ನ ಗಾರೆ ಪೊಳ್ಳಾಗೈತಿ. ಬರ್ರಿ ಎಲ್ಲಾರೂ.”

ಬಂದರು. ಒಬ್ಬರೂ ಒಂದು ಕೊಂಕು ನುಡಿಯಲಿಲ್ಲ. ಸಾರುವೆ ಕಟ್ಟಿ ಗಾರೆ ಕಿತ್ತರು. ಅದು ಒಣಗಿದ ಕಟಿ ರೊಟ್ಟಿಯ ಹಾಗೆ ಅಗಲಗಲ ಎದ್ದು ಬಂತು. ಹೊಸ ಗಾರೆ ಯಾರು ಹಚ್ಚಬೇಕು ಎಂಬಲ್ಲಿ ಹಿರಿಯರಲ್ಲಿ ಮಾತು ಬೆಳೆಯಿತು. ಹಕ್ಕು ಅಮರವ್ವನದು, ಕಣ್ಣಿಲ್ಲ. ಕಣ್ಣು ನನಗಿದೆ, ನನ್ನ ಗೋಡೆಗೆ ನಾನು ಕೈ ಹಚ್ಚುವಂತಿಲ್ಲ. ಆಕಿ ಮುಟ್ಟೂದು ಬ್ಯಾಡ, ನೋಡಿ ಹೇಳಲಿ ಸಾಕು ಎಂದು ಅಮರವ್ವನೇ ತೀರ್ಮಾನ ಕೊಟ್ಟಳು. ಹಾಗೆ ಆಕೆ ಸಾರುವೆಯ ಮೇಲೆ, ನಾನು ಕೆಳಗೆ. ಕಂದು ಇದ್ದಲ್ಲಿ ಕಂದು ಎಂದೆ, ಬಿಳುಪಿಗೆ ತಿರುಗಿದರೆ ಬಿಳುಪು ಎಂದು ಕೂಗಿದೆ, ಅಮರವ್ವನ ಪಕ್ಕದ ಮನೆಯ ನೀಲವ್ವ ನೀರು ಚಿಮುಕಿಸಿದಳು. ಆ ಕೈ ಗೋಡೆಯ ಮೇಲೆ ಓಡಾಡಿದ್ದನ್ನು ಹೇಗೆ ಬರೆಯಲಿ? ನೋಡುತ್ತ ನೋಡುತ್ತ ಎರಡು ಸಲ ಬಣ್ಣ ಹೇಳುವುದನ್ನೇ ಮರೆತೆ.

ಸಂಜೆಗೆ ಗೋಡೆ ಮುಗಿಯಿತು, ಈ ಸಲ ದಿನಕ್ಕೆ ಮೊದಲೇ ಹಿಮಗಾಳಿಯೂ ಎದ್ದಿತು. ಹಸಿ ಗಾರೆಗೆ ಮಂಜು ಕಟ್ಟಿದರೆ ಬೆಳಗಿಗೆ ಹಿಟ್ಟಾಗಿ ಉದುರುತ್ತದೆ. ನಾನು ನಮ್ಮ ಮನೆಯ ಕೌದಿಗಳನ್ನು ತಂದು ಸಾರುವೆಗೆ ಇಳಿಬಿಟ್ಟೆ, ಅರ್ಧ ಗೋಡೆಯೂ ಮುಚ್ಚಲಿಲ್ಲ. ನೀಲವ್ವ ತನ್ನ ಕೌದಿ ತಂದಳು. ಆಮೇಲೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಬಾಗಿಲುಗಳು ತೆರೆದವು. ಸತ್ತ ತಾಯಂದಿರ ಸೀರೆ ಸೇರಿಸಿ ಹೊಲಿದ ಕೌದಿ, ಮದುವೆಯಲ್ಲಿ ಕೊಟ್ಟ ಕೌದಿ, ಬಾಣಂತಿ ಕೌದಿ, ಎಲ್ಲ ಬಂದು ಗೋಡೆಯ ಮೇಲೆ ನಿಂತವು. ಕೆಂಪು, ಹಸಿರು, ನೀಲಿ ತೇಪೆಗಳ ಆ ಗೋಡೆಯ ಹಿಂದೆ ಹಿಮದ ಬೆಟ್ಟ ಬೆಳ್ಳಗೆ ನಿಂತಿತ್ತು. ಊರವರು ಹೊದಿಕೆಯಿಲ್ಲದೆ ಒಲೆ ಸುತ್ತ ಮಲಗಿದ ಕೆಲವು ದಿನಗಳು ಹಾಗೆ ಕಳೆದವು. ಮನುಷ್ಯರು ಇಂಥದ್ದನ್ನೂ ಮಾಡಬಲ್ಲರೇ ಎಂದು ನಾನು ದಿನಾ ಸಂಜೆ ಹೊರಗೆ ಬಂದು ನೋಡುತ್ತಿದ್ದೆ.

ಇವತ್ತು ಕೌದಿ ತೆಗೆದರು. ಅಮರವ್ವ ತಟ್ಟಿದಳು. ಗೋಡೆ ತುಂಬಿದ ಸದ್ದು ಕೊಟ್ಟಿತು, ಎಲ್ಲ ಕಡೆ. ಬೀದಿಯವರು ನಗುತ್ತಿರುವಾಗಲೇ ಆಕೆ ಕರಣೆಯನ್ನು ಸಾರುವೆಯ ಬುಡದಲ್ಲಿಟ್ಟು, ಮುಂದಿನ ವರ್ಷದಿಂದ ನೀಲವ್ವ ನೋಡಿಕೊಳ್ಳಲಿ ಎಂದಳು.

ಹೊರವ್ವನಾದವಳು ತಾನು ಕಾಯುವ ಮನೆಯ ಹೊಸ್ತಿಲು ದಾಟಬಾರದು. ಒಳಗಿನ ಜಗಳ, ಒಳಗಿನ ಸಡಗರ ಕಂಡರೆ ಕೈ ಅತ್ತಿತ್ತ ವಾಲುತ್ತದೆ ಎಂದು ಮೊದಲು ಬಂದವರು ಮಾಡಿದ ಕಟ್ಟಳೆ ಇದು. ಕರಣೆ ಇಟ್ಟವಳಿಗೆ ಆ ತಡೆ ಇಲ್ಲ. ನಾನು ಅಮರವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಕೂಸನ್ನು ಎತ್ತಿಕೋ ಎಂದೆ, ತಡಿ ಎಂದಳು. ಕೈ ಮುಂದೆ ಚಾಚಿ ಹುಡುಕುತ್ತ ಪಡುವಣ ಗೋಡೆಯ ಹತ್ತಿರ ಹೋದಳು. ಹೊರಗೆ ಆಗಲೇ ಸಣ್ಣಗೆ ಹಿಮ ಹಿಡಿದಿತ್ತು, ಆದರೆ ಹಗಲಿಡೀ ಕುಡಿದ ಬಿಸಿಲು ಗೋಡೆಯಲ್ಲಿ ಇನ್ನೂ ಇತ್ತು. ಆಕೆ ಎರಡೂ ಅಂಗೈಯನ್ನು ಗೋಡೆಗೆ ಒತ್ತಿದಳು. ಆಮೇಲೆ ಕೆನ್ನೆಯನ್ನೂ ಒತ್ತಿದಳು.

“ಒಳಗ ಇಷ್ಟು ಬೆಚ್ಚಗಿರತೈತೇನವ್ವ?” ಎಂದಳು.

ನಮ್ಮ ಮನೆ ಬೆಚ್ಚಗಿರಲೆಂದು ಆಯುಷ್ಯವೆಲ್ಲ ಚಳಿಯಲ್ಲಿ ನಿಂತವಳಿಗೆ ಅದು ಗೊತ್ತೇ ಇರಲಿಲ್ಲ. ನಾನು ಅತ್ತುಬಿಟ್ಟೆ. ಈ ಕಟ್ಟಳೆ ಬೇಡವೆಂದು ಪಂಚಾಯಿತಿ ಕೂಡಿದ ಮೊದಲ ದಿನವೇ ಕೇಳುತ್ತೇನೆ, ಕೊಡದಿದ್ದರೆ ಜಗಳವಾಡುತ್ತೇನೆ.

ಹಿರಿಯರೇ, ನಿಮ್ಮ ಮನೆಗಳು ಮೋಡ ಮುಟ್ಟುವಷ್ಟು ಎತ್ತರ ಇದ್ದವಂತೆ. ಹೊರಗೋಡೆಗೆ ಗಾರೆ, ಬಣ್ಣ ಮಾಡುವವರು ಹಗ್ಗಕ್ಕೆ ಜೋತುಬಿದ್ದು ನಿಮ್ಮ ಕಿಟಕಿಗಳ ಮುಂದೆಯೇ ಇಳಿದು ಹೋಗುತ್ತಿದ್ದರಂತೆ. ಅವರು ನಿಮ್ಮ ಹೊರವ್ವ, ಹೊರಪ್ಪಂದಿರು ಎಂದೇ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ನೀವು ಅವರನ್ನು ಏನೆಂದು ಕರೆಯುತ್ತಿದ್ದಿರಿ ಎಂಬುದು ಮಾತ್ರ ನಮ್ಮವರೆಗೆ ಬಂದಿಲ್ಲ. ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಅವರಿಗೆ ಕಣ್ಣಿರುವಾಗಲೇ ಒಮ್ಮೆ ಒಳಗೆ ಕರೆಯಿರಿ.

ನಿಮ್ಮ ಮರಿಮಕ್ಕಳ ಮರಿಮಗಳು,
ಹಂಪಮ್ಮ